ಆಂಪ್ ಒಳಗಿನ ಒಂದು ರೆಸಿಸ್ಟರ್: ಗಿಟಾರ್ ಟೋನ್ ಮನೆಯಲ್ಲೇ ಬದಲಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣದಾಗಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯನ್ನು ದಯವಿಟ್ಟು ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಮೊದಲಿಗೆ ಎರಡು ತುಣುಕು ಕೇಳಿಸ್ತೀನಿ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಇವುಗಳ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ.

(ಗಿಟಾರ್: ಮೊದಲ ತುಣುಕು)

(ಗಿಟಾರ್: ಅದೇ ನುಡಿಕೆ, ಎರಡನೇ ತುಣುಕು)

ಎರಡರಲ್ಲೂ ಅದೇ ಗಿಟಾರ್, ಅದೇ ಆಂಪ್, ಅದೇ ಕೈ. ಮೊದಲನೆಯದು ತೆಳ್ಳಗೆ, ಹೊಳಪಾಗಿ ಇದೆ. ಎರಡನೆಯದಕ್ಕೆ ಮೈ ತುಂಬಿಕೊಂಡಿದೆ. ಇವೆರಡರ ನಡುವೆ ಬದಲಾಗಿದ್ದು ಒಂದೇ ಒಂದು ರೆಸಿಸ್ಟರ್. ಅಂಗಡಿಯಲ್ಲಿ ಅದಕ್ಕೆ ಒಂದೆರಡು ರೂಪಾಯಿ ಅಷ್ಟೇ. ಅದನ್ನು ನಾನು ಯಾಕೆ ಬದಲಿಸಿದೆ, ಹೇಗೆ ಬದಲಿಸಿದೆ, ಎಲ್ಲಿ ಎಡವಿದೆ ಅನ್ನೋದು ಇವತ್ತಿನ ವಿಷಯ. ಅದರ ಜೊತೆಗೆ, ಆಂಪ್ ಬಿಚ್ಚಿದಾಗ ಯಾವುದನ್ನು ಮುಟ್ಟಲೇಬಾರದು ಅನ್ನೋದೂ ಇದೆ. ಆ ಭಾಗವನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.

ಪೆಂಡಾಲ್‌ನಲ್ಲಿ ಕಾಣೆಯಾದ ಗಿಟಾರ್

ನನ್ನ ಹತ್ತಿರ ಇರೋದು 15 ವ್ಯಾಟ್‌ನ ಒಂದು ಪ್ರಾಕ್ಟೀಸ್ ಆಂಪ್. ವಾಲ್ವ್ ಇಲ್ಲ, ಟ್ರಾನ್ಸಿಸ್ಟರ್ ಮತ್ತು ಐಸಿ ಇರುವ ಸಾದಾ ಪೆಟ್ಟಿಗೆ, ಎಂಟು ಇಂಚಿನ ಸ್ಪೀಕರ್. ಮುಂದೆ ನಾಲ್ಕು ನಾಬ್: ಗೇನ್, ಟ್ರೆಬಲ್, ಬೇಸ್, ವಾಲ್ಯೂಮ್. ರೂಮಿನಲ್ಲಿ ಒಬ್ಬನೇ ಕೂತು ನುಡಿಸುವಾಗ ಅದರ ಸದ್ದು ನನಗೆ ಬಹಳ ಇಷ್ಟ ಆಗ್ತಿತ್ತು. ಟ್ರೆಬಲ್ ಜಾಸ್ತಿ, ಬೇಸ್ ಜಾಸ್ತಿ, ಎಲ್ಲಾ ಝಗಮಗ.

ಆಮೇಲೆ ಒಂದು ಗಣೇಶನ ಹಬ್ಬದ ಪೆಂಡಾಲ್‌ನಲ್ಲಿ ಗೆಳೆಯರ ಜೊತೆ ನುಡಿಸೋ ಅವಕಾಶ ಬಂತು. ಡ್ರಮ್ಸ್, ಬೇಸ್ ಗಿಟಾರ್, ಕೀಬೋರ್ಡ್, ಇಬ್ಬರು ಹಾಡುಗಾರರು, ಜೊತೆಗೆ ನಾನು. ಮೊದಲ ಹಾಡಿನಲ್ಲೇ ನನ್ನ ಸೋಲೊ ಇತ್ತು. ನುಡಿಸಿದೆ. ಕೆಳಗೆ ಬಂದಾಗ ಅಕ್ಕ ಕೇಳಿದಳು: "ಲೋ, ನಿನ್ ಸೋಲೊ ಇದೆ ಅಂದಿದ್ಯಲ್ಲ, ಅದು ಯಾವಾಗ ಬಂತೋ?"

ನಾನು ಪೂರ್ತಿ 40 ಸೆಕೆಂಡು ನುಡಿಸಿದ್ದೆ. ವಾಲ್ಯೂಮ್ ಕೊನೆಯವರೆಗೂ ತಿರುಗಿಸಿದ್ದೆ. ಆದ್ರೂ ಯಾರಿಗೂ ಕೇಳಿಸಿರಲಿಲ್ಲ. ದೊಡ್ಡ ಆಂಪ್ ಕೊಳ್ಳೋಕೆ ದುಡ್ಡಿರಲಿಲ್ಲ. ಹಾಗಾಗಿ ತಪ್ಪು ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡಿದೆ.

ರೂಮಿನಲ್ಲಿ ಸಿಹಿ, ಬ್ಯಾಂಡ್‌ನಲ್ಲಿ ಮಾಯ

ಸಿಕ್ಕಿದ ಮೊದಲ ಉತ್ತರ ನನ್ನ ಕಿವಿಯ ಬಗ್ಗೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡ್ತಿದ್ದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ತುಂಬಾ ಕಡಿಮೆ ಕೇಳಿಸ್ತವೆ, ತೀರಾ ಎತ್ತರದವು ಕೂಡ ಸ್ವಲ್ಪ ಕಡಿಮೆಯೇ. ಸದ್ದು ಜೋರಾದಂತೆ ಈ ಅಂತರ ಕಮ್ಮಿ ಆಗ್ತಾ ಹೋಗುತ್ತೆ. ಅಂದ್ರೆ, ರಾತ್ರಿ ಪಕ್ಕದ ಮನೆಯವರಿಗೆ ಹೆದರಿ ಮೆಲ್ಲಗೆ ನುಡಿಸುವಾಗ ನಾವು ಬೇಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸ್ತೀವಿ. ಕಿವಿಗೆ ಅದು ಸರಿಯಾಗಿ ಕೇಳಿಸುತ್ತೆ. ಅದೇ ಸೆಟಿಂಗ್ ಇಟ್ಟುಕೊಂಡು ಪೆಂಡಾಲ್‌ಗೆ ಹೋದ್ರೆ ಲೆಕ್ಕ ತಪ್ಪುತ್ತೆ.

ಎರಡನೆಯ ಉತ್ತರ ಬ್ಯಾಂಡ್ ಬಗ್ಗೆ. ಗಿಟಾರ್‌ನ ಅತಿ ತಗ್ಗಿನ ತಂತಿ ಕಂಪಿಸೋದು ಸೆಕೆಂಡಿಗೆ 82 ಸಲ, ಅಂದ್ರೆ 82 ಹರ್ಟ್ಸ್. ಅತಿ ತೆಳು ತಂತಿಯ 22ನೇ ಫ್ರೆಟ್‌ನಲ್ಲಿ ಸುಮಾರು 1,175 ಹರ್ಟ್ಸ್. ತಗ್ಗಿನ ಜಾಗದಲ್ಲಿ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಆಗಲೇ ಕೂತಿರ್ತವೆ. ಮೇಲಿನ ಜಾಗದಲ್ಲಿ ಸಿಂಬಲ್‌ಗಳು. ಗಿಟಾರ್‌ಗೆ ಅಂತ ಉಳಿಯೋದು ನಡುವಿನ ಜಾಗ, ಅಂದ್ರೆ ಮಿಡ್. ಆ ಮಿಡ್ ಅನ್ನೇ ನನ್ನ ಆಂಪ್ ತೆಗೆದು ಹಾಕ್ತಾ ಇತ್ತು. ಡ್ರಮ್ಸ್‌ನವನ ಜೊತೆ ಸಿಂಬಲ್ ಜಾಗಕ್ಕೆ, ಬೇಸ್‌ನವನ ಜೊತೆ ಕೆಳಗಿನ ಜಾಗಕ್ಕೆ ನಾನು ಜಗಳ ಆಡ್ತಾ, ನನ್ನ ಸ್ವಂತ ಸೈಟನ್ನು ಖಾಲಿ ಬಿಟ್ಟಿದ್ದೆ.

ನಾಬ್ ಕೂಡಿಸಲ್ಲ, ಕಳೆಯುತ್ತೆ

ಟ್ರೆಬಲ್ ನಾಬ್ ತಿರುಗಿಸಿದ್ರೆ ಟ್ರೆಬಲ್ ಜಾಸ್ತಿ ಆಗುತ್ತೆ ಅಂತ ತಾನೇ ನಾವು ಅಂದುಕೊಳ್ಳೋದು? ಬಹಳಷ್ಟು ಗಿಟಾರ್ ಆಂಪ್‌ಗಳಲ್ಲಿ ಹಾಗಲ್ಲ.

ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬು ನೀರನ್ನು ಹುಟ್ಟಿಸಲ್ಲ. ಎಷ್ಟು ಬಿಡಬೇಕು, ಎಷ್ಟು ತಡೀಬೇಕು ಅಷ್ಟೇ ಅದರ ಕೆಲಸ. ಆಂಪ್‌ನ ಟೋನ್ ಸರ್ಕ್ಯೂಟ್ ಕೂಡ ಇಂಥ ಮೂರು ತೂಬುಗಳ ಸಾಲು. ಇದನ್ನು ಟೋನ್ ಸ್ಟ್ಯಾಕ್ ಅಂತಾರೆ. ಒಳಗೆ ಇರೋದು ಬರೀ ಕೆಪಾಸಿಟರ್‌ಗಳು, ರೆಸಿಸ್ಟರ್‌ಗಳು, ಮತ್ತು ನಾಬ್ ಹಿಂದಿನ ಪಾಟ್‌ಗಳು. ರೆಸಿಸ್ಟರ್ ಎಲ್ಲಾ ಸ್ವರಗಳನ್ನೂ ಒಂದೇ ರೀತಿ ತಡೆಯುತ್ತೆ. ಕೆಪಾಸಿಟರ್ ಎತ್ತರದ ಸ್ವರಗಳನ್ನು ಸುಲಭವಾಗಿ ಬಿಡುತ್ತೆ, ತಗ್ಗಿನವನ್ನು ತಡೆಯುತ್ತೆ. ಇವೆರಡನ್ನು ಬೇರೆ ಬೇರೆ ಅಳತೆಯಲ್ಲಿ ಜೋಡಿಸಿದ್ರೆ ಟ್ರೆಬಲ್‌ಗೊಂದು, ಬೇಸ್‌ಗೊಂದು, ಮಿಡ್‌ಗೊಂದು ದಾರಿ ಸಿಗುತ್ತೆ.

ಒಂದು ಸರಳ ಲೆಕ್ಕ ಹೇಳ್ತೀನಿ. ರೆಸಿಸ್ಟರ್ 250 ಕಿಲೋ ಓಮ್, ಕೆಪಾಸಿಟರ್ 250 ಪಿಕೊಫ್ಯಾರಡ್ ಆದ್ರೆ, ಅವು ಬಾಗಿಲು ತೆರೆಯೋದು ಸುಮಾರು 2,500 ಹರ್ಟ್ಸ್ ಹತ್ತಿರ. ಕೆಪಾಸಿಟರನ್ನು ದುಪ್ಪಟ್ಟು ಮಾಡಿದ್ರೆ ಅದು ಅರ್ಧಕ್ಕೆ ಇಳಿಯುತ್ತೆ, ಸುಮಾರು 1,270 ಹರ್ಟ್ಸ್. ಸರ್ಕ್ಯೂಟಿನಲ್ಲಿ ಉಳಿದ ಬಿಡಿಭಾಗಗಳೂ ಎಳೆದಾಡೋದರಿಂದ ಇದೇ ಅಂಕಿ ಬರಲ್ಲ, ಆದ್ರೆ ದಿಕ್ಕು ಇದೇ. ಬಿಡಿಭಾಗ ದೊಡ್ಡದಾದ್ರೆ ಬಾಗಿಲು ಕೆಳಗಿನ ಸ್ವರಕ್ಕೇ ತೆರೆಯುತ್ತೆ.

ಅಮೆರಿಕದ ಫೆಂಡರ್ ಕಂಪನಿಯ 1960ರ ದಶಕದ ಪ್ರಸಿದ್ಧ ಆಂಪ್‌ಗಳಲ್ಲಿ ಈ ಜೋಡಣೆ 400, 500 ಹರ್ಟ್ಸ್ ಆಸುಪಾಸಿನಲ್ಲಿ ಒಂದು ದೊಡ್ಡ ಹಳ್ಳ ಮಾಡುತ್ತೆ. ಅದನ್ನು ಬೇಕಂತಲೇ ಮಾಡಿದ್ದು, ಆ ಸ್ವಚ್ಛ, ಹೊಳೆಯುವ ಸದ್ದಿನ ಗುಟ್ಟೇ ಅದು. ಅವರ ಡೀಲಕ್ಸ್ ರಿವರ್ಬ್ ಆಂಪ್‌ನಲ್ಲಿ ಮಿಡ್‌ಗೆ ನಾಬ್ ಇಲ್ಲ. ಅದರ ಬದಲು ಒಳಗೆ 6.8 ಕಿಲೋ ಓಮ್‌ನ ಒಂದು ರೆಸಿಸ್ಟರ್ ಕೂತಿದೆ. ಮಿಡ್ ತೂಬು ಎಷ್ಟು ತೆರೆದಿರಬೇಕು ಅಂತ ಕಾರ್ಖಾನೆಯಲ್ಲೇ ತೀರ್ಮಾನ ಆಗಿಬಿಟ್ಟಿದೆ.

ನನ್ನ ಆಂಪ್‌ನಲ್ಲೂ ಇದೇ ಕಥೆ. ಹೊರಗೆ ಮಿಡ್ ನಾಬ್ ಇಲ್ಲ. ಒಳಗೆ 4.7 ಕಿಲೋ ಓಮ್.

ರಾಕ್‌ನ ಸದ್ದೇ ಒಂದು ತಿದ್ದುಪಡಿ

"ಕಂಪನಿಯವರು ಮಾಡಿದ್ದನ್ನ ನಾವ್ಯಾಕೆ ಮುಟ್ಟಬೇಕು?" ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆಮೇಲೆ ಇತಿಹಾಸ ಓದಿ ಧೈರ್ಯ ಬಂತು.

1962ರಲ್ಲಿ ಲಂಡನ್‌ನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರದ್ದೊಂದು ಸಂಗೀತ ಉಪಕರಣಗಳ ಅಂಗಡಿ ಇತ್ತು. ಅವರು ಮೂಲತಃ ಡ್ರಮ್ಸ್ ನುಡಿಸೋರು, ಕಲಿಸೋರು. ಅಂಗಡಿಗೆ ಬರುವ ಹುಡುಗರಿಗೆ ಅಮೆರಿಕದಿಂದ ಬರುವ ಫೆಂಡರ್ ಆಂಪ್ ದುಬಾರಿ ಆಗ್ತಿತ್ತು. ಮಾರ್ಷಲ್ ಮತ್ತು ಅವರ ಜೊತೆಗಾರರು ಫೆಂಡರ್‌ನ ಬೇಸ್‌ಮನ್ ಆಂಪ್‌ನ ಸರ್ಕ್ಯೂಟನ್ನೇ ಇಟ್ಟುಕೊಂಡು, ಅಲ್ಲಿ ಸಿಗುವ ಬಿಡಿಭಾಗಗಳಿಂದ ತಮ್ಮದೇ ಒಂದನ್ನು ಮಾಡಿದರು. ಅದೇ ಜೆಟಿಎಂ 45. ಮುಂದೆ ಟೋನ್ ಸ್ಟ್ಯಾಕ್‌ನ ಒಂದು ರೆಸಿಸ್ಟರ್ 56 ಕಿಲೋ ಓಮ್‌ನಿಂದ 33ಕ್ಕೆ ಇಳಿಯಿತು, ಟ್ರೆಬಲ್ ಕೆಪಾಸಿಟರ್ ದೊಡ್ಡದಾಯಿತು. ಮಿಡ್ ಮುಂದೆ ಬಂತು. ಒರಟು, ಎದೆಗೆ ಬಡಿಯುವ ಆ ಮಾರ್ಷಲ್ ಸದ್ದಿನಲ್ಲಿ ಈ ಬದಲಾವಣೆಗಳ ಪಾಲೂ ಇದೆ.

ಬೇಸ್‌ಮನ್ ಅನ್ನೋದು ಹೆಸರೇ ಹೇಳುವಂತೆ ಬೇಸ್ ಗಿಟಾರ್‌ಗೆ ಮಾಡಿದ್ದು. ಅದನ್ನು ಗಿಟಾರ್‌ಗೆ ಬಳಸಿದ್ದೂ ಒಂದು ರೀತಿ ನಿಯಮ ಮೀರಿದ್ದೇ. ಅಲ್ಲಿಗೆ ನನ್ನ ಮುಜುಗರ ಮುಗೀತು.

ಮುಟ್ಟಬಾರದ ಜಾಗ

ಈಗ ಫಾರ್ವರ್ಡ್ ಮಾಡಬೇಡಿ ಅಂದಿದ್ದ ಭಾಗ.

ನನ್ನ ಮೊದಲ ತಿಳಿವಳಿಕೆ ಬಂದಿದ್ದು ನಮ್ಮ ಏರಿಯಾದ ರೇಡಿಯೊ, ಟಿವಿ ರಿಪೇರಿ ಅಂಗಡಿಯ ಹಿರಿಯರೊಬ್ಬರಿಂದ. ಆಂಪ್ ಬಿಚ್ಚಿಕೊಂಡು ಹೋಗಿ "ಸಾರ್, ಇದರಲ್ಲಿ ಮಿಡ್ ರೆಸಿಸ್ಟರ್ ಯಾವುದು?" ಅಂತ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಅದಿರ್ಲಿ ಕಣಪ್ಪ. ಇದ್ರಲ್ಲಿ ನಿನ್ನ ಸಾಯಿಸೋ ಜಾಗ ಯಾವ್ದು, ಮೊದ್ಲು ಅದನ್ನ ತೋರ್ಸು" ಅಂದರು. ನಾನು ತೋರಿಸಲಾರದೆ ನಿಂತೆ.

ಅವರು ಕಲಿಸಿದ್ದನ್ನೇ ಹೇಳ್ತೀನಿ. ಒಂದು, ನಿಮ್ಮದು ವಾಲ್ವ್ ಆಂಪ್ ಆದರೆ, ಅಂದ್ರೆ ಒಳಗೆ ಗಾಜಿನ ಟ್ಯೂಬ್‌ಗಳು ಬೆಳಗ್ತಾ ಇದ್ದರೆ, ಅದನ್ನು ನೀವು ಬಿಚ್ಚಬೇಡಿ. ಅದರ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300, 400 ವೋಲ್ಟ್‌ಗಿಂತ ಹೆಚ್ಚು ಡಿಸಿ ಇರಬಹುದು. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು, ಜೀವ ತೆಗೆಯಬಹುದು. ಅದು ಕಲಿತವರ ಕೆಲಸ, ಅವರ ಕೈಯಲ್ಲೇ ಮಾಡಿಸಿ.

ಎರಡು, ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಟೋನ್ ಭಾಗಕ್ಕೆ ಬರೋದು ಕಡಿಮೆ ವೋಲ್ಟ್. ಆದ್ರೆ ಪವರ್ ಕಾರ್ಡ್ ಒಳಗೆ ಬರುವ ಜಾಗ, ಫ್ಯೂಸ್, ಸ್ವಿಚ್, ಟ್ರಾನ್ಸ್‌ಫಾರ್ಮರ್‌ನ ಒಂದು ಬದಿ, ಇಷ್ಟಕ್ಕೂ ನೇರ 230 ವೋಲ್ಟ್ ಬರುತ್ತೆ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಕಿತ್ತ ಪ್ಲಗ್ ನಿಮ್ಮ ಕಣ್ಣೆದುರಿಗೆ ಇರಬೇಕು. ಐದು ನಿಮಿಷ ಬಿಟ್ಟು, ದೊಡ್ಡ ಕೆಪಾಸಿಟರ್‌ಗಳ ಮೇಲೆ ಮಲ್ಟಿಮೀಟರ್ ಇಟ್ಟು, ಒಂದು ವೋಲ್ಟ್‌ಗಿಂತ ಕೆಳಗೆ ಬಂದಿದೆಯಾ ನೋಡಬೇಕು. ಇಷ್ಟಾದ ಮೇಲೇ ಕೈ ಹಾಕಬೇಕು.

ಮೂರು, ಅರ್ಥಿಂಗ್. ಹಮ್ ಸದ್ದು ಬರುತ್ತೆ ಅಂತ ಮೂರು ಪಿನ್‌ನ ಪ್ಲಗ್‌ನಲ್ಲಿ ದಪ್ಪ ಪಿನ್ ಮುರಿಯೋದು, ಎರಡು ಪಿನ್ ಅಡಾಪ್ಟರ್ ಹಾಕೋದು, ಪೆಂಡಾಲ್‌ನಲ್ಲಿ ಬರೀ ಎರಡು ವೈರ್ ಎಳೆಯೋದು, ಇವೆಲ್ಲಾ ನಾವು ನೋಡಿರೋದೇ. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿಕೊಂಡಿರ್ತವೆ. ಒಳಗೆ ಒಂದು ವೈರ್ ಕಿತ್ತು ಚಾಸಿಗೆ ತಾಕಿದ್ರೆ, ಅರ್ಥ್ ಇದ್ದಾಗ ಫ್ಯೂಸ್ ಹೋಗುತ್ತೆ. ಅರ್ಥ್ ಇಲ್ಲದಿದ್ದಾಗ ಕರೆಂಟ್ ನಿಮ್ಮ ಬೆರಳಿಗೆ ಬರುತ್ತೆ. ಇಂಗ್ಲೆಂಡಿನ ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತೀರಿಕೊಂಡಿದ್ದು ಹೀಗೆ. ವೇದಿಕೆಯ ಮೇಲಲ್ಲ, ತಮ್ಮ ಮನೆಯಲ್ಲಿ, ಸರಿಯಾದ ಅರ್ಥಿಂಗ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ. ಆಗ ಅವರಿಗೆ 33 ವರ್ಷ.

ಈ ಮೂರರಲ್ಲಿ ಯಾವುದೇ ಒಂದು ನಿಮಗೆ ಗೊಂದಲ ಅನ್ನಿಸಿದ್ರೆ, ಆಂಪ್ ಮುಚ್ಚಿಟ್ಟು ಗೊತ್ತಿರೋರ ಹತ್ತಿರ ಹೋಗಿ. ಅದರಲ್ಲಿ ಅವಮಾನ ಏನಿಲ್ಲ.

ನಾನು ಮಾಡಿದ್ದು, ಎಡವಿದ್ದು

ಎಸ್‌.ಪಿ. ರಸ್ತೆಗೆ ಹೋಗಿ ಒಂದಷ್ಟು ರೆಸಿಸ್ಟರ್, ಕೆಪಾಸಿಟರ್, ಒಂದು 22 ಕಿಲೋ ಓಮ್ ಪಾಟ್ ತಂದೆ. ಎಲ್ಲಾ ಸೇರಿ 80 ರೂಪಾಯಿ ಚಿಲ್ಲರೆ. ನನ್ನ ಹತ್ತಿರ 25 ವ್ಯಾಟ್ ಸೋಲ್ಡರಿಂಗ್ ಐರನ್ ಮತ್ತು ಮಲ್ಟಿಮೀಟರ್ ಮೊದಲೇ ಇತ್ತು.

ಬಿಡಿಭಾಗ ಗುರುತಿಸೋದು ಕಷ್ಟ ಅಲ್ಲ. ರೆಸಿಸ್ಟರ್ ಮೈಮೇಲೆ ಬಣ್ಣದ ಪಟ್ಟಿ ಇರುತ್ತೆ: ಹಳದಿ, ನೇರಳೆ, ಕೆಂಪು ಅಂದ್ರೆ 4.7 ಕಿಲೋ ಓಮ್. ಸಣ್ಣ ಕೆಪಾಸಿಟರ್ ಮೇಲೆ ಮೂರು ಅಂಕಿ ಇರುತ್ತೆ. 471 ಅಂದ್ರೆ 47ರ ಮುಂದೆ ಒಂದು ಸೊನ್ನೆ, 470 ಪಿಕೊಫ್ಯಾರಡ್. 223 ಅಂದ್ರೆ 22ರ ಮುಂದೆ ಮೂರು ಸೊನ್ನೆ, 22,000 ಪಿಕೊಫ್ಯಾರಡ್, ಅಂದ್ರೆ 22 ನ್ಯಾನೊ. ಮಿಡ್ ರೆಸಿಸ್ಟರ್‌ಗೆ ಇನ್ನೊಂದು ಗುರುತಿದೆ. ಈ ಬಗೆಯ ಸರ್ಕ್ಯೂಟಿನಲ್ಲಿ ಅದರ ಒಂದು ಕಾಲು ಗ್ರೌಂಡ್‌ಗೆ ಸೇರಿರುತ್ತೆ, ಇನ್ನೊಂದು ಬೇಸ್ ಪಾಟ್ ಕಡೆಗೆ ಹೋಗುತ್ತೆ. ನಿಮ್ಮ ಮಾಡೆಲ್‌ನ ಸರ್ಕ್ಯೂಟ್ ನಕ್ಷೆ ಸಿಕ್ಕರೆ ಅದನ್ನು ಎದುರಿಗೆ ಇಟ್ಟುಕೊಳ್ಳಿ. ಊಹೆ ಮೇಲೆ ಯಾವುದನ್ನೂ ಕೀಳಬೇಡಿ.

ಮೊದಲ ಪ್ರಯತ್ನದಲ್ಲಿ ನಾನು ಮಿಡ್ ರೆಸಿಸ್ಟರ್ ಬಿಟ್ಟು ಟ್ರೆಬಲ್ ಕೆಪಾಸಿಟರ್‌ಗೆ ಕೈ ಹಾಕಿದೆ. ಅದು ಸುಲಭ ಅನ್ನಿಸಿತ್ತು. ಇರುವ 470ರ ಪಕ್ಕಕ್ಕೆ ಇನ್ನೊಂದು 470 ಸೇರಿಸಿದ್ರೆ 940 ಆಗುತ್ತೆ, ಏನನ್ನೂ ಕೀಳಬೇಕಿಲ್ಲ. ಸದ್ದು ದಪ್ಪ ಆಯ್ತು ನಿಜ. ಆದ್ರೆ ಟ್ರೆಬಲ್ ನಾಬ್ ಅರ್ಧ ದಾಟಿದ್ರೆ ಕಿವಿಗೆ ಚುಚ್ಚೋಕೆ ಶುರುವಾಯ್ತು. ನನಗೆ ಬೇಕಿದ್ದು ಅದಲ್ಲ. ತೆಗೆಯೋಣ ಅಂತ ಐರನ್ ಇಟ್ಟೆ. ಅವಸರ. ಮೂರು ಸೆಕೆಂಡ್ ಇಡಬೇಕಾದಲ್ಲಿ ಹತ್ತು ಸೆಕೆಂಡ್ ಇಟ್ಟು ಎಳೆದೆ. ಕೆಪಾಸಿಟರ್ ಜೊತೆಗೆ ಬೋರ್ಡಿನ ತಾಮ್ರದ ಪದರವೂ ಎದ್ದು ಬಂತು. ಆವತ್ತು ಆಂಪ್ ಪೂರ್ತಿ ಮೂಕ. ಅದೇ ಹಿರಿಯರು ಒಂದು ಸಣ್ಣ ವೈರ್ ಹಾಕಿ ಸೇತುವೆ ಕಟ್ಟಿಕೊಟ್ಟರು. "ಬಿಸಿ ಆಗೋವರ್ಗೂ ಕಾಯಿ, ಬಿಸಿ ಆದ್ಮೇಲೆ ಕಾಯ್ಬೇಡ" ಅಂದರು.

ಎರಡನೇ ಸಲ ಸರಿಯಾದ ದಾರಿ ಹಿಡಿದೆ. ಮಿಡ್ ರೆಸಿಸ್ಟರ್‌ನ ಒಂದು ಕಾಲನ್ನು ಮಾತ್ರ ಬೋರ್ಡಿನಿಂದ ಎತ್ತಿದೆ. ಅದರ ಜಾಗದಲ್ಲಿ 22 ಕಿಲೋ ಓಮ್ ಪಾಟ್‌ನ ನಡುವಿನ ಕಾಲು ಮತ್ತು ಒಂದು ತುದಿಯ ಕಾಲಿಗೆ ಎರಡು ಸಣ್ಣ ವೈರ್ ಹೆಣೆದು ಜೋಡಿಸಿದೆ. ವೈರ್ ಉದ್ದ ಆದ್ರೆ ಹಮ್ ಹಿಡಿಯುತ್ತೆ. ಬರಿಯ ತುದಿಗಳಿಗೆಲ್ಲಾ ಇನ್ಸುಲೇಷನ್ ಟೇಪ್ ಸುತ್ತಿದೆ. ವೈರನ್ನು ಪವರ್ ಭಾಗದಿಂದ ದೂರ ಇಟ್ಟು, ಹಿಂಬದಿಯ ಕಿಂಡಿಯಿಂದ ಪಾಟ್ ಅನ್ನು ಹೊರಗೆ ತಂದು, ಪೆಟ್ಟಿಗೆ ಪೂರ್ತಿ ಮುಚ್ಚಿ, ಸ್ಕ್ರೂ ಹಾಕಿ, ಆಮೇಲೆ ಪ್ಲಗ್ ಹಾಕಿದೆ. ತೆರೆದ ಆಂಪ್‌ಗೆ ಕರೆಂಟ್ ಕೊಟ್ಟು ಬೆರಳು ಹಾಕೋ ಕೆಲಸ ಒಂದು ಸಲವೂ ಮಾಡಿಲ್ಲ.

ಈಗ ನನ್ನ ಆಂಪ್‌ಗೆ ತಾತ್ಕಾಲಿಕವಾಗಿ ಒಂದು ಮಿಡ್ ನಾಬ್ ಬಂದಿತ್ತು. ಫೋನಿನಲ್ಲಿ ಡ್ರಮ್ಸ್ ಮತ್ತು ಬೇಸ್ ಇರುವ ಒಂದು ಟ್ರ್ಯಾಕ್ ಜೋರಾಗಿ ಹಾಕಿ, ಅದರ ಜೊತೆ ನುಡಿಸ್ತಾ ಪಾಟ್ ತಿರುಗಿಸಿದೆ. ಒಬ್ಬನೇ ನುಡಿಸಿ ಆರಿಸಿದ್ರೆ ಮತ್ತೆ ಹಳೇ ತಪ್ಪೇ ಆಗ್ತಿತ್ತು. ಒಂದು ಜಾಗದಲ್ಲಿ ಗಿಟಾರ್ ಸಿಂಬಲ್‌ಗಳ ಹಿಂದಿನಿಂದ ಮುಂದೆ ಬಂದು ನಿಂತಹಾಗೆ ಆಯ್ತು. ಆಫ್ ಮಾಡಿ, ಪ್ಲಗ್ ಕಿತ್ತು, ಕಾದು, ಪಾಟ್ ಅಳೆದೆ: 14 ಕಿಲೋ ಓಮ್ ಮತ್ತು ಸ್ವಲ್ಪ. ಅಂಗಡಿಯಲ್ಲಿ ಸಿಗುವ ಹತ್ತಿರದ ಅಳತೆ 15. ಕಂದು, ಹಸಿರು, ಕಿತ್ತಳೆ ಪಟ್ಟಿಯ ಆ ರೆಸಿಸ್ಟರ್ ಹಾಕಿ ಮುಚ್ಚಿದೆ. ಮೊದಲು ಕೇಳಿಸಿದ ಎರಡನೇ ತುಣುಕು ಅದೇ.

ಸಿಕ್ಕಿದ್ದೇನು, ಹೋಗಿದ್ದೇನು

ಪುಕ್ಕಟೆಯಾಗಿ ಏನೂ ಸಿಗಲಿಲ್ಲ. ಮಿಡ್ ತೂಬು ತೆರೆದಾಗ ಒಟ್ಟು ಸಿಗ್ನಲ್ಲೇ ಜಾಸ್ತಿ ಆಯ್ತು, ಹಾಗಾಗಿ ವಾಲ್ಯೂಮ್ ಮುಂಚಿಗಿಂತ ಬೇಗ ಏರುತ್ತೆ, ಸದ್ದು ಬೇಗ ಒಡೆಯುತ್ತೆ. ಬೇಸ್ ನಾಬ್‌ನ ಪರಿಣಾಮ ಮೊದಲಿನಷ್ಟು ಎದ್ದು ಕಾಣಲ್ಲ. ಆ ಸ್ವಚ್ಛ, ಗಾಜಿನಂಥ ಸದ್ದು ಹೋಯ್ತು. ರಾತ್ರಿ ಒಬ್ಬನೇ ನುಡಿಸುವಾಗ ಕೆಲವು ಸಲ ಅದು ಬೇಕು ಅನ್ನಿಸುತ್ತೆ. ಯಾವ ಟೋನ್ ಒಳ್ಳೇದು ಅನ್ನೋ ಪ್ರಶ್ನೆಗೆ ಹಾಗಾಗಿ ಉತ್ತರ ಇಲ್ಲ. ಏನನ್ನು ಕಳೆದುಕೊಳ್ಳೋಕೆ ತಯಾರಿದ್ದೀರಿ ಅನ್ನೋದು ಸರಿಯಾದ ಪ್ರಶ್ನೆ.

ನಿಮ್ಮಲ್ಲಿ ಬಹಳಷ್ಟು ಜನ ಆಂಪ್ ಬಿಚ್ಚಬೇಕಾಗೇ ಇಲ್ಲ. ಮೊದಲು ಟ್ರೆಬಲ್ ಮತ್ತು ಬೇಸ್ ಎರಡನ್ನೂ ಎರಡಕ್ಕೆ ಇಳಿಸಿ, ಮಿಡ್ ನಾಬ್ ಇದ್ರೆ ಪೂರ್ತಿ ಏರಿಸಿ, ಹೋದ ಸದ್ದನ್ನು ವಾಲ್ಯೂಮ್‌ನಲ್ಲಿ ಸರಿ ಮಾಡಿ ನೋಡಿ. ಆಂಪ್ ಅನ್ನು ನೆಲದಿಂದ ಎತ್ತಿ ಕುರ್ಚಿ ಮೇಲಿಟ್ಟು, ಮೊಣಕಾಲಿನ ಬದಲು ನಿಮ್ಮ ಕಿವಿಗೆ ಮುಖ ಮಾಡಿಸಿ. ಇದಕ್ಕೆ ಖರ್ಚೇ ಇಲ್ಲ. ನಾನು ಇದನ್ನು ಮಾಡಿದ್ದು ಕೊನೆಗೆ, ಮಾಡಬೇಕಿದ್ದಿದ್ದು ಮೊದಲು. ನನ್ನ ಸಣ್ಣ ಆಂಪ್‌ನಲ್ಲಿ ನಾಬ್‌ಗಳನ್ನು ಇಳಿಸಿದ್ರೆ ಬ್ಯಾಂಡ್‌ಗೆ ಬೇಕಾದಷ್ಟು ಸದ್ದೇ ಉಳೀತಿರಲಿಲ್ಲ, ಅದಕ್ಕೇ ರೆಸಿಸ್ಟರ್ ಬದಲಿಸಬೇಕಾಯ್ತು. ನಿಮ್ಮದು ಡಿಜಿಟಲ್ ಮಾಡೆಲಿಂಗ್ ಆಂಪ್ ಆದ್ರೆ ಟೋನ್ ಇರೋದು ಸಾಫ್ಟ್‌ವೇರ್‌ನಲ್ಲಿ, ಬಿಚ್ಚಿ ಪ್ರಯೋಜನ ಇಲ್ಲ. ಬೋರ್ಡ್ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಬಿಡಿಭಾಗ ಕಂಡ್ರೆ ಮನೆಯ ಐರನ್‌ಗೆ ಅದು ಕೆಲಸ ಅಲ್ಲ. ವಾರಂಟಿ ಇದ್ರೆ ಅದು ಮುಗಿಯೋವರೆಗೂ ತಡೀರಿ.

ಬಿಚ್ಚುವವರು ಮೊದಲು ಎಲ್ಲಾ ಕಡೆಯಿಂದ ಫೋಟೊ ತೆಗೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ತೆಗೆದ ಬಿಡಿಭಾಗ ಎಸೀಬೇಡಿ. ನನ್ನ ಹಳೇ 4.7 ಕಿಲೋ ಓಮ್ ಈಗಲೂ ಒಂದು ಪುಟ್ಟ ಪ್ಲಾಸ್ಟಿಕ್ ಕವರ್‌ನಲ್ಲಿ ಪೆಟ್ಟಿಗೆಯ ಒಳಗೋಡೆಗೆ ಅಂಟಿಕೊಂಡಿದೆ. ಏನು ಬದಲಿಸಿದೆ, ಯಾವ ದಿನ ಅಂತ ಚೀಟಿಯೂ ಇದೆ. ನಾಳೆ ಈ ಆಂಪ್ ಬೇರೆಯವರ ಕೈಗೆ ಹೋದ್ರೆ ಅವರು ಅದನ್ನು ವಾಪಸ್ ಹಾಕ್ಕೊಬಹುದು.

ಈ ವರ್ಷ ಅದೇ ಪೆಂಡಾಲ್‌ನಲ್ಲಿ ಮತ್ತೆ ನುಡಿಸಿದೆ. ಹೋದ ಕೂಡ್ಲೇ ಮೊದಲು ಕೇಳಿದ್ದು, ಅರ್ಥಿಂಗ್ ಎಲ್ಲಿದೆ ಅಂತ. ಸೋಲೊ ಮುಗಿಸಿ ಕೆಳಗೆ ಬಂದಾಗ ಅಕ್ಕ ಸಿಕ್ಕಳು. "ಈ ಸಲ ಚೆನ್ನಾಗಿ ಕೇಳಿಸ್ತು ಕಣೋ. ನಡುವೆ ಒಂದು ಕಡೆ ತಪ್ಪು ನುಡಿಸ್ದೆ ಅಲ್ವಾ?"

ಹೌದು, ನುಡಿಸಿದ್ದೆ. ಮಿಡ್ ಇದ್ರೆ ಅದೂ ಕೇಳಿಸುತ್ತೆ. ಅದಕ್ಕೆ ಯಾವ ರೆಸಿಸ್ಟರೂ ಇಲ್ಲ, ದಿನಾ ಪ್ರಾಕ್ಟೀಸ್ ಮಾಡಬೇಕು. ಮುಂದಿನ ವಾರ ಸಿಗೋಣ. ನಮಸ್ಕಾರ.